ಕಳಚಿದ ನರಹೊದಿಕೆಯನ್ನು ಮತ್ತೆ ಸುತ್ತಬಹುದೇ?

ಕಳೆದ ಸಂಚಿಕೆಯಲ್ಲಿ ಪಾರ್ಶ್ವವಾಯುವಿನ ಬಗ್ಗೆ ಉತ್ತರಿಸುವಾಗ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಎಂಬ ರೋಗದ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳು ಉಳಿದ ಉತ್ತರಗಳಿಗೆಲ್ಲ ಬಂದವುಗಳಿಗಿಂತ ಹೆಚ್ಚಾಗಿದ್ದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ 26 ವರ್ಷ. ಎರಡು ವರ್ಷಗಳ ಹಿಂದೆ ಬಲಗಣ್ಣು ಮಂಜಾಗಿ, ಕಣ್ಣು ಹೊರಳಿಸಿದರೆ ನೋಯುತ್ತಿತ್ತು. ಒಂದೂವರೆ ತಿಂಗಳಲ್ಲಿ ತಾನಾಗಿಯೇ ಸರಿಹೋಯಿತು. ಈ ವರ್ಷ ಸೊಂಟದ ಕೆಳಗೆ ಜೋಮು ಹಿಡಿದು ನಡಿಗೆ ತಪ್ಪತೊಡಗಿತು. ಎಂ.ಆರ್.ಐ. ಮಾಡಿಸಿದ ಮೇಲೆ ಎಂ.ಎಸ್. ಎಂದರು. ನರದ ಮೇಲಿನ ಕೋಟಿಂಗ್ ಹೋಗಿದೆ ಎಂದು ವಿವರಿಸಿದರು. ನಮ್ಮ ಬೋರ್‌ವೆಲ್ ಮೋಟರ್ ಸುಟ್ಟಾಗಲೂ ಒಳಗಿನ ತಂತಿಯ ಕೋಟಿಂಗ್ ಹೋಗಿರುತ್ತದೆ. ರಿವೈಂಡಿಂಗ್ ಮಾಡಿಸಿದರೆ ಮತ್ತೆ ಓಡುತ್ತದೆ. ನರಕ್ಕೆ ರಿವೈಂಡಿಂಗ್ ಇಲ್ಲವೇ? ಈಗ ಆರು ತಿಂಗಳಿಗೊಮ್ಮೆ ಡ್ರಿಪ್ ಹಾಕಿ ಕೊಡುವ ಔಷಧ ಆ ಕೆಲಸವನ್ನೇ ಮಾಡುತ್ತದೆಯೇ? (ಕಬ್ಬು ಬೆಳೆಗಾರರು, ಜಮಖಂಡಿ ತಾಲ್ಲೂಕು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರ ಹಿಂದಿರುವ ತಪ್ಪು ತಿಳಿವಳಿಕೆ ಎಷ್ಟೋ ಮನೆಗಳಲ್ಲಿ ಔಷಧವನ್ನು ನಡುದಾರಿಯಲ್ಲಿ ಬಿಡಿಸಿದೆ. ನಿಮ್ಮ ಮಗಳಿಗೆ ಕೊಡುತ್ತಿರುವ ಔಷಧ ರಿವೈಂಡಿಂಗ್ ಮಾಡುವುದಿಲ್ಲ. 1993ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಂಟರ್‌ಫೆರಾನ್ ಬೀಟಾದಿಂದ ಹಿಡಿದು 2017ರಲ್ಲಿ ಬಂದ ಓಕ್ರೆಲಿಜುಮ್ಯಾಬ್‌ವರೆಗೆ, ಈ ರೋಗದ ದಾರಿಯನ್ನು ಬದಲಿಸಲು ಕೊಡುವ ಔಷಧಗಳ ಕೆಲಸ ಒಂದೇ ಬಗೆಯದು: ದೇಹದ ರಕ್ಷಣಾ ಕೋಶಗಳು ದಾರಿ ತಪ್ಪಿ ಸ್ವಂತ ನರಗಳ ಹೊದಿಕೆಯ ಮೇಲೆ ಎರಗದಂತೆ ತಡೆಯುವುದು. ಎಂದರೆ ಇದು ಇನ್ನೊಮ್ಮೆ ಮೋಟರ್ ಸುಡದಂತೆ ಕೂರಿಸಿದ ಸ್ಟಾರ್ಟರ್, ಸುಟ್ಟ ಮೋಟರನ್ನು ಸರಿಪಡಿಸುವ ಮೇಸ್ತ್ರಿಯಲ್ಲ. ಒಂದು ವರ್ಷ ಔಷಧ ಕೊಡಿಸಿದರೂ ಕಾಲಿನ ಜೋಮು ಹೋಗಲಿಲ್ಲವೆಂದು ಬಿಟ್ಟುಬಿಟ್ಟವರನ್ನು ನಾನು ನೋಡಿದ್ದೇನೆ. ಜೋಮು ಕಳೆಯುವುದು ಆ ಔಷಧದ ಕೆಲಸವೇ ಆಗಿರಲಿಲ್ಲ. ಆ ವರ್ಷದಲ್ಲಿ ಬರಬಹುದಾಗಿದ್ದ ಇನ್ನೊಂದು ದಾಳಿ ಬಾರದೆ ಹೋದದ್ದು ಅದರ ಕೆಲಸ, ಮತ್ತು ಬಾರದೆ ಹೋದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ.

ಇನ್ನು ನಿಮ್ಮ ಹೋಲಿಕೆ. ಅದು ಅರ್ಧ ಸರಿ ಇದೆ, ಉಳಿದರ್ಧ ಏಕೆ ಸರಿಯಿಲ್ಲ ಎಂಬುದರಲ್ಲಿಯೇ ಈ ರೋಗದ ತಿರುಳಿದೆ.

ನರಕೋಶದಿಂದ ಹೊರಡುವ ಉದ್ದನೆಯ ಎಳೆಯನ್ನು ನರತಂತು ಎನ್ನೋಣ. ಅದರ ಮೇಲಿನ ಕೊಬ್ಬಿನಂಶದ ಹೊದಿಕೆಗೆ ಮಯಲಿನ್ ಎಂಬ ಹೆಸರನ್ನು 1854ರಲ್ಲಿ ಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಖೋ. ಅದು ತಂತಿಯ ಮೇಲೆ ಬಳಿದ ವಾರ್ನಿಶ್‌ನಂತಲ್ಲ. ನಿಮ್ಮ ಜಿಲ್ಲೆಯ ಇಳಕಲ್ ನೇಕಾರರು ಬಳಸುವ ಜರಿಯನ್ನು ನೆನಪಿಸಿಕೊಳ್ಳಿ: ಒಳಗೆ ನೂಲು, ಅದರ ಸುತ್ತ ಚಪ್ಪಟೆ ಮಾಡಿದ ಲೋಹದ ತೆಳು ಪಟ್ಟಿ ಸುತ್ತು ಸುತ್ತಾಗಿ ಹತ್ತಿಕೊಂಡಿರುತ್ತದೆ. ಮಯಲಿನ್ ಕೂಡ ಹೀಗೆ ಸುತ್ತಿದ್ದೇ, ಆದರೆ ಸುತ್ತುವುದು ಜೀವಂತ ಕೋಶ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಆಲಿಗೋಡೆಂಡ್ರೋಸೈಟ್ ಎಂಬ ಕೋಶವು ತನ್ನ ಪೊರೆಯನ್ನು ಹಾಳೆಯಂತೆ ಚಾಚಿ ನರತಂತುವಿನ ಮೇಲೆ ಒಂದರ ಮೇಲೊಂದು ಪದರವಾಗಿ ಸುತ್ತುತ್ತದೆ. ಇಂಥ ಒಂದೊಂದು ಕೋಶವೂ ಹಲವು ಕೈಗಳನ್ನು ಚಾಚಿ ಐವತ್ತರವರೆಗೆ ತುಂಡುಗಳನ್ನು ಹೊದಿಸಬಲ್ಲದು. ಹಾಗಾಗಿ ಒಂದು ಕೋಶ ಸತ್ತರೆ ಅಷ್ಟೂ ಕಡೆ ಒಮ್ಮೆಲೇ ಬೆತ್ತಲಾಗುತ್ತದೆ.

ಹೋಲಿಕೆ ಮೊದಲು ತಪ್ಪುವುದು ಇಲ್ಲಿ: ನಿಮ್ಮ ಮೋಟರಿನ ತಂತಿಗೆ ಕೋಟಿಂಗ್ ಎಲ್ಲಿಯೂ ಬಿಡದೆ ಇರಬೇಕು, ನರದ ಹೊದಿಕೆಯಲ್ಲಿ ಮಾತ್ರ ಬೇಕೆಂದೇ ಬಿಟ್ಟ ಸಂದುಗಳಿವೆ. ಫ್ರಾನ್ಸಿನ ರಾನ್ವಿಯೇ ಅವರ ಹೆಸರಿನಿಂದ ಕರೆಯುವ ಈ ಸಂದುಗಳ ಅಗಲ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಸಂಕೇತವು ಹೊದಿಕೆಯಿರುವ ಉದ್ದವನ್ನು ಒಂದೇ ನೆಗೆತಕ್ಕೆ ದಾಟಿ ಪ್ರತಿ ಸಂದಿನಲ್ಲಿಯೂ ಹೊಸದಾಗಿ ಹುಟ್ಟಿ ಮುಂದಕ್ಕೆ ಹಾರುತ್ತದೆ. ಇದರಿಂದಾಗಿಯೇ ಹೊದಿಕೆಯಿರುವ ದಪ್ಪ ನರದಲ್ಲಿ ಸಂಕೇತದ ವೇಗ ಸೆಕೆಂಡಿಗೆ 100 ಮೀಟರಿನ ಹತ್ತಿರ ಹೋದರೆ, ಹೊದಿಕೆಯೇ ಇಲ್ಲದ ಸಣ್ಣ ನರದಲ್ಲಿ ಅದು ಒಂದು ಮೀಟರಿನಷ್ಟಿರುತ್ತದೆ. ಎರಡನೆಯದಾಗಿ, ತಾಮ್ರದ ತಂತಿಗೆ ಹಸಿವಾಗುವುದಿಲ್ಲ. ನರತಂತುವಿಗೆ ಆಗುತ್ತದೆ, ಮತ್ತು ಅದಕ್ಕೆ ಲ್ಯಾಕ್ಟೇಟ್‌ನ ರೂಪದಲ್ಲಿ ಉಣಿಸುವ ಕೋಶಗಳಲ್ಲಿ ಈ ಹೊದಿಕೆ ಸುತ್ತುವ ಕೋಶವೂ ಒಂದೆಂದು 2012ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಹೊದಿಕೆ ಹೋದ ನರತಂತು ನಿಧಾನವಾಗುವುದಷ್ಟೇ ಅಲ್ಲ, ಬಹುಕಾಲ ಹಾಗೆಯೇ ಉಳಿದರೆ ಸೊರಗಿ ಕಡಿದುಹೋಗುತ್ತದೆ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಒಮ್ಮೆ ಕಡಿದ ನರತಂತು ಮತ್ತೆ ಬೆಳೆದು ತನ್ನ ಗುರಿ ಮುಟ್ಟುವುದಿಲ್ಲ. ಸುತ್ತಲು ಒಳಗೆ ನೂಲೇ ಇಲ್ಲದಿದ್ದರೆ ಜರಿಯನ್ನು ಎಲ್ಲಿ ಸುತ್ತುವುದು?

ಹಾಗಾದರೆ ರಿವೈಂಡಿಂಗ್ ಇಲ್ಲವೇ ಎಂದರೆ, ಇದೆ; ಆದರೆ ಅದನ್ನು ಮಾಡುವ ಮೇಸ್ತ್ರಿ ದೇಹದೊಳಗೇ ಇದ್ದಾನೆ. ಪ್ಯಾರಿಸಿನ ಶಾರ್ಕೋ 1868ರಲ್ಲಿ ಈ ರೋಗವನ್ನು ವಿವರಿಸಿ, ಮಿದುಳಿನಲ್ಲಿ ಅಲ್ಲಲ್ಲಿ ಗಟ್ಟಿಯಾದ ಕಲೆಗಳನ್ನು ತೋರಿಸಿದ ಮೇಲೆ ಬಹುಕಾಲ, ಕಳಚಿದ ಹೊದಿಕೆ ಹೋದದ್ದೇ ಹೋಯಿತು ಎಂಬ ನಂಬಿಕೆಯಿತ್ತು. 1961ರಲ್ಲಿ ಅಮೆರಿಕದ ಬಂಜ್ ದಂಪತಿ ಮತ್ತು ಅವರ ಸಹೋದ್ಯೋಗಿ ಬೆಳೆದ ಬೆಕ್ಕಿನ ಬೆನ್ನುಹುರಿಯಲ್ಲಿ ಹೊದಿಕೆ ಮತ್ತೆ ಸುತ್ತಿಕೊಂಡದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಮನುಷ್ಯರಲ್ಲಿಯೂ ಇದು ನಡೆಯುತ್ತದೆ. ಮಿದುಳಿನ ಕೋಶಗಳಲ್ಲಿ ನೂರಕ್ಕೆ ಐದರಷ್ಟು ಕೋಶಗಳು ಇನ್ನೂ ಪೂರ್ತಿ ಬೆಳೆಯದೆ ಮೀಸಲಾಗಿ ಉಳಿದಿರುತ್ತವೆ. ಇವು ಆಲಿಗೋಡೆಂಡ್ರೋಸೈಟಿನ ಪೂರ್ವಕೋಶಗಳು. ದಾಳಿ ನಡೆದ ಜಾಗಕ್ಕೆ ಇವು ಹರಿದುಬಂದು, ಸಂಖ್ಯೆಯಲ್ಲಿ ಹೆಚ್ಚಿ, ಬಲಿತು, ಬೆತ್ತಲಾದ ನರತಂತುಗಳನ್ನು ಹುಡುಕಿ ಸುತ್ತತೊಡಗುತ್ತವೆ. ಹೊಸ ಹೊದಿಕೆ ಹಳೆಯದಕ್ಕಿಂತ ತೆಳುವಾಗಿರುತ್ತದೆ, ತುಂಡುಗಳ ಉದ್ದವೂ ಕಡಿಮೆ. ಆದರೂ ಸಂಕೇತ ಮತ್ತೆ ನೆಗೆಯುವಷ್ಟಕ್ಕೆ ಅದು ಸಾಕು. ನಿಮ್ಮ ಮಗಳ ಕಣ್ಣು ಒಂದೂವರೆ ತಿಂಗಳಲ್ಲಿ ಸರಿಹೋದದ್ದರ ಹೆಚ್ಚಿನ ಪಾಲು ಬಾವು ಇಳಿದದ್ದರಿಂದ ಮತ್ತು ಬೆತ್ತಲಾದ ನರ ಅಷ್ಟರಲ್ಲಿಯೇ ಹೊಂದಿಕೊಂಡದ್ದರಿಂದ. ಇನ್ನೊಂದಿಷ್ಟು ಪಾಲು ಈ ಮೇಸ್ತ್ರಿಯದಿರಬಹುದು.

ಮೇಸ್ತ್ರಿ ಕೈಚೆಲ್ಲುವುದು ಏಕೆ ಎಂಬುದಕ್ಕೆ ಒಂದೇ ಕಾರಣವಿಲ್ಲ. ಒಡೆದ ಹಳೆಯ ಮಯಲಿನ್ನಿನ ಕಸ ಅಲ್ಲಿಯೇ ಬಿದ್ದಿದ್ದರೆ ಪೂರ್ವಕೋಶಗಳು ಬಲಿಯುವುದಿಲ್ಲ. ಆ ಕಸ ಗುಡಿಸುವುದು ರಕ್ಷಣಾ ವ್ಯವಸ್ಥೆಗೇ ಸೇರಿದ ಮೈಕ್ರೋಗ್ಲಿಯಾ ಮತ್ತು ಮ್ಯಾಕ್ರೋಫೇಜ್ ಎಂಬ ಕೋಶಗಳು. ಹಾನಿ ಮಾಡುವವರೂ ಗುಡಿಸುವವರೂ ಒಂದೇ ಮನೆತನದವರಾದ್ದರಿಂದ ರಕ್ಷಣಾ ವ್ಯವಸ್ಥೆಯನ್ನು ಪೂರ್ತಿ ಕಟ್ಟಿಹಾಕಿದರೆ ದುರಸ್ತಿ ತಾನಾಗಿ ಆಗುತ್ತದೆ ಎನ್ನುವಂತಿಲ್ಲ. ಹಲವು ಕಲೆಗಳಲ್ಲಿ ಪೂರ್ವಕೋಶಗಳು ಬಂದು ಸೇರಿರುತ್ತವೆ, ಆದರೆ ಸುತ್ತುವ ಹಂತಕ್ಕೆ ಹೋಗದೆ ಸುಮ್ಮನೆ ನಿಂತಿರುತ್ತವೆ. ಎಲ್ಲಕ್ಕಿಂತ ಹೆಚ್ಚಿನ ಅಡ್ಡಿ ವಯಸ್ಸು. 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮುದಿ ಇಲಿಯ ರಕ್ತಪ್ರವಾಹವನ್ನು ಎಳೆಯ ಇಲಿಯದರೊಂದಿಗೆ ಜೋಡಿಸಿದಾಗ, ಎಳೆಯದರ ಕೋಶಗಳು ಬಂದು ಕಸ ಗುಡಿಸಿ ಮುದಿ ಇಲಿಯಲ್ಲಿ ಹೊದಿಕೆಯ ದುರಸ್ತಿ ಚುರುಕಾಯಿತು. 26ರ ನಿಮ್ಮ ಮಗಳಲ್ಲಿ ಆ ಮೇಸ್ತ್ರಿ 55ರವರಿಗಿಂತ ಗಟ್ಟಿಗನಾಗಿದ್ದಾನೆ ಎಂದು ಧೈರ್ಯವಾಗಿ ಹೇಳಬಹುದು.

ಈ ಮೇಸ್ತ್ರಿಯನ್ನು ಎಬ್ಬಿಸುವ ಔಷಧ ಹುಡುಕುವ ಕೆಲಸ ನಡೆದಿದೆ. ಅಲರ್ಜಿಗೆಂದು ಬಹಳ ಹಿಂದಿನಿಂದ ಇದ್ದ ಕ್ಲೆಮಾಸ್ಟಿನ್ ಎಂಬ ಮಾತ್ರೆಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಶಾಖೆಯವರು 50 ಎಂ.ಎಸ್. ರೋಗಿಗಳಿಗೆ ಕೊಟ್ಟು ನೋಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಣ್ಣಿಗೆ ಚಿತ್ರ ತೋರಿಸಿದ ಮೇಲೆ ಸಂಕೇತ ಮಿದುಳಿನ ಹಿಂಭಾಗಕ್ಕೆ ತಲುಪಲು ಸುಮಾರು 100 ಮಿಲಿಸೆಕೆಂಡ್ ಬೇಕು. ಹೊದಿಕೆ ಹೋದವರಲ್ಲಿ ಅದಕ್ಕಿಂತ ಹೆಚ್ಚು. ಆ ವಿಳಂಬ ಈ ಮಾತ್ರೆಯಿಂದ 1.7 ಮಿಲಿಸೆಕೆಂಡಿನಷ್ಟು ತಗ್ಗಿತು. ಹಳೆಯ ಗಾಯದಲ್ಲಿಯೂ ದುರಸ್ತಿ ಸಾಧ್ಯ ಎಂಬುದಕ್ಕೆ ಇದು ಬೆಲೆಯುಳ್ಳ ಸಾಕ್ಷಿ, ಆದರೆ ರೋಗಿಯ ಅನುಭವಕ್ಕೆ ಬರುವಷ್ಟು ದೊಡ್ಡದಲ್ಲ. ಜೊತೆಗೆ ಮಾತ್ರೆಯಿಂದ ಆಯಾಸ ಹೆಚ್ಚಿತು. ಮುಂದೆ ಇನ್ನೊಂದು ಪ್ರಯೋಗದಲ್ಲಿ, ನಿಧಾನವಾಗಿ ಏರುತ್ತ ಹೋಗುವ ಬಗೆಯ ಎಂ.ಎಸ್. ಇದ್ದ ಕೆಲವರಿಗೆ ಅದೇ ಮಾತ್ರೆಯ ಜೊತೆಗೆ ಅಂಗಬಲ ವೇಗವಾಗಿ ಕುಗ್ಗಿದ್ದರಿಂದ ಅದನ್ನು ನಿಲ್ಲಿಸಬೇಕಾಯಿತು. ಒಪಿಸಿನುಮ್ಯಾಬ್ ಎಂಬ ಇಂಜೆಕ್ಷನ್ ದೊಡ್ಡ ನಿರೀಕ್ಷೆ ಹುಟ್ಟಿಸಿ ಸೋತಿತು. ಕೇಂಬ್ರಿಜ್‌ನವರು ಪರೀಕ್ಷಿಸಿದ ಬೆಕ್ಸಾರೋಟಿನ್‌ನಲ್ಲಿ ದುರಸ್ತಿಯ ಸುಳಿವು ಸಿಕ್ಕರೂ, ಥೈರಾಯ್ಡ್ ಕುಗ್ಗುವುದು, ರಕ್ತದ ಕೊಬ್ಬು ಏರುವುದು ಮುಂತಾದ ತೊಂದರೆಗಳಿಂದಾಗಿ ಅದು ಬಳಕೆಗೆ ಬರುವಂತಾಗಲಿಲ್ಲ. ಇಷ್ಟೆಲ್ಲ ಹೇಳುವುದರ ಅರ್ಥ ಇಷ್ಟು: ರಿವೈಂಡಿಂಗ್ ಔಷಧವೆಂದು ಇಂದು ಯಾವ ವೈದ್ಯರೂ ಚೀಟಿಯಲ್ಲಿ ಬರೆದುಕೊಡುವಂಥದ್ದು ಇಲ್ಲ. ಇರುವ ಮೇಸ್ತ್ರಿಗೆ ಬಿಡುವು ಸಿಗಬೇಕಾದರೆ ಮೋಟರ್ ಮತ್ತೆ ಮತ್ತೆ ಸುಡಬಾರದು. ಆರು ತಿಂಗಳ ಆ ಡ್ರಿಪ್ಪನ್ನು ಕಬ್ಬಿನ ಬಿಲ್ಲು ಬರುವವರೆಗೆ ಮುಂದೂಡಬೇಡಿ. ಹಣದ ಅಡಚಣೆಯಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ, ಕಡಿಮೆ ಬೆಲೆಯ ರಿಟುಕ್ಸಿಮ್ಯಾಬ್‌ನಂಥ ಬದಲಿಯನ್ನು ಅವರು ಯೋಚಿಸಬಹುದು.

ಪ್ರಶ್ನೆ: ನನಗೆ ನಾಲ್ಕು ವರ್ಷಗಳಿಂದ ಎಂ.ಎಸ್. ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮಗ್ಗದ ಮೇಲೆ ಕುಳಿತಾಗ ಅಥವಾ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಎಡಗಣ್ಣಿಗೆ ಮಂಜು ಕವಿಯುತ್ತದೆ, ಕಾಲು ಭಾರವಾಗುತ್ತದೆ. ತಣ್ಣೀರು ಸ್ನಾನ ಮಾಡಿ ಒಂದು ತಾಸು ಮಲಗಿದರೆ ಹೋಗುತ್ತದೆ. ಬೇಸಿಗೆಯ ಪ್ರತಿ ದಿನವೂ ಹೊಸ ದಾಳಿಯಾಗುತ್ತಿದೆಯೇ? (ನೇಕಾರ ಮಹಿಳೆ, ಇಳಕಲ್)

ಉತ್ತರ: ಇಲ್ಲ, ತಾಯಿ. ಇದು ಹಳೆಯ ಗಾಯದ ಮಾತು. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ ಅವರು ಇದೇ ಲಕ್ಷಣವನ್ನು, ದೈಹಿಕ ಶ್ರಮದ ನಂತರ ದೃಷ್ಟಿ ಮಂಜಾಗುವುದನ್ನು ದಾಖಲಿಸಿದರು. ಇಂದಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತೇವೆ. ಹೊದಿಕೆ ತೆಳುವಾದ ನರದಲ್ಲಿ ಸಂಕೇತ ಹೇಗೋ ಏದುಸಿರು ಬಿಡುತ್ತ ದಾಟುತ್ತಿರುತ್ತದೆ. ಮೈಯ ಉಷ್ಣತೆ ಏರಿದಾಗ ನರತಂತುವಿನಲ್ಲಿ ಸೋಡಿಯಂ ಕಣಗಳನ್ನು ಒಳಬಿಟ್ಟು ಸಂಕೇತ ಹುಟ್ಟಿಸುವ ಬಾಗಿಲುಗಳು ಬೇಗ ಮುಚ್ಚಿಕೊಳ್ಳುತ್ತವೆ, ಮುಂದಿನ ಸಂದಿಗೆ ನೆಗೆಯಲು ಬೇಕಾದಷ್ಟು ವಿದ್ಯುತ್ತು ಒದಗುವುದಿಲ್ಲ, ಸಂಕೇತ ಅಲ್ಲಿಯೇ ನಿಲ್ಲುತ್ತದೆ. ಇದಕ್ಕೆ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿಕೆ ಸಾಕಾಗಬಹುದು. ಎಂ.ಆರ್.ಐ. ಬರುವ ಮೊದಲು ವೈದ್ಯರು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣ ಹೆಚ್ಚುವುದೇ ಎಂದು ನೋಡಿ ರೋಗ ಪತ್ತೆಹಚ್ಚುವ ಕ್ರಮವೂ ಇತ್ತು. ಆ ಪರೀಕ್ಷೆಯನ್ನು ನಮ್ಮ ಬಾಗಲಕೋಟೆ, ವಿಜಯಪುರಗಳ ಮೇ ತಿಂಗಳು 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ದಿನವೂ ಮಾಡುತ್ತಿದೆ.

ಸೆಕೆಯಿಂದ ಮಯಲಿನ್ ಮತ್ತಷ್ಟು ಕರಗುವುದಿಲ್ಲ, ಹೊಸ ಕಲೆಯೂ ಮೂಡುವುದಿಲ್ಲ. ಮೈ ತಣ್ಣಗಾದೊಡನೆ ಮೊದಲಿನಂತಾಗುವುದೇ ಅದಕ್ಕೆ ಸಾಕ್ಷಿ. ನಿಜವಾದ ದಾಳಿಯ ಲಕ್ಷಣ 24 ತಾಸುಗಳನ್ನು ಮೀರಿ ಉಳಿಯುತ್ತದೆ, ತಣ್ಣೀರಿಗೆ ಜಗ್ಗುವುದಿಲ್ಲ. ಇವೆರಡರ ನಡುವೆ ಮೂರನೆಯದೊಂದಿದೆ: ಜ್ವರ ಅಥವಾ ಮೂತ್ರನಾಳದ ಸೋಂಕಿನಿಂದ ಹಳೆಯ ಲಕ್ಷಣಗಳು ದಿನಗಟ್ಟಲೆ ಮರುಕಳಿಸುವುದು. ಇದನ್ನು ದಾಳಿಯೆಂದು ತಿಳಿದು ಸ್ಟೆರಾಯ್ಡ್ ಕೊಟ್ಟರೆ ಸೋಂಕು ಬಲಿಯುತ್ತದೆ. ಲಕ್ಷಣ ಒಂದು ದಿನವನ್ನು ದಾಟಿದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ.

ಮಗ್ಗದ ಕೆಲಸವನ್ನು ಬೆಳಗಿನ ತಂಪಿಗೆ ಹೊಂದಿಸಿಕೊಳ್ಳಿ, ಕೊರಳಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ, ರೊಟ್ಟಿ ಬಡಿಯಲು ಕೂರುವ ಮೊದಲು ತಣ್ಣನೆಯ ನೀರು ಕುಡಿಯಿರಿ. ಕೆಲಸವನ್ನೇ ಬಿಡಬೇಕಿಲ್ಲ, ಹೆದರಿ ಹಾಸಿಗೆ ಹಿಡಿದವರ ಕಾಲು ರೋಗಕ್ಕಿಂತ ಬೇಗ ಸೋಲುತ್ತದೆ. ಬೆತ್ತಲಾದ ನರದಿಂದ ಪೊಟ್ಯಾಸಿಯಂ ಸೋರುವುದನ್ನು ತಡೆದು ನಡಿಗೆಗೆ ಒಂದಿಷ್ಟು ಬಲ ಕೊಡುವ ಡಾಲ್‌ಫ್ಯಾಂಪ್ರಿಡಿನ್ ಎಂಬ ಮಾತ್ರೆಯಿದೆ. ಅದು ದುರಸ್ತಿ ಮಾಡುವುದಿಲ್ಲ, ಸೋರುವ ಕೊಡಕ್ಕೆ ಬೆರಳು ಒತ್ತಿ ಹಿಡಿದಂತೆ. ಪ್ರಮಾಣ ಮೀರಿದರೆ ಫಿಟ್ಸ್ ಬರಬಹುದಾದ್ದರಿಂದ ವೈದ್ಯರು ಹೇಳಿದ ಹೊರತು ಬೇಡ.

ಪ್ರಶ್ನೆ: ಅಣ್ಣನಿಗೆ 34 ವರ್ಷ, ಎಂ.ಎಸ್. ಇದೆ. ದೂರದ ನಗರವೊಂದರ ಕೇಂದ್ರದವರು ಬೆನ್ನಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ಮಯಲಿನ್ ಹೊಸದಾಗಿ ಬೆಳೆಸುವುದಾಗಿ ಹೇಳಿ ಹಲವು ಲಕ್ಷ ಕೇಳುತ್ತಿದ್ದಾರೆ. ವಿದೇಶದಲ್ಲಿ ಎಂ.ಎಸ್.ಗೆ ಸ್ಟೆಮ್ ಸೆಲ್ ಚಿಕಿತ್ಸೆ ಯಶಸ್ವಿಯಾಗಿದೆ ಎಂದೂ ಓದಿದ್ದೇನೆ. ಹೊಲ ಮಾರಲು ಅಪ್ಪ ಸಿದ್ಧರಿದ್ದಾರೆ. (ಯುವಕ, ಬೆಳಗಾವಿ)

ಉತ್ತರ: ಹೊಲ ಮಾರಬೇಡಿ. ನೀವು ಓದಿದ್ದೂ ನಿಜ, ಆದರೆ ಅದು ಬೇರೆಯದೇ ಚಿಕಿತ್ಸೆ. ಒಂದೇ ಹೆಸರಿನ ನೆರಳಿನಲ್ಲಿ ಎರಡು ಬೇರೆ ವಸ್ತುಗಳು ಮಾರಾಟವಾಗುತ್ತಿವೆ.

ಸ್ಟೆಮ್ ಸೆಲ್ ಎಂದರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ವಿದೇಶದಲ್ಲಿ ಫಲ ಕೊಟ್ಟದ್ದು ರಕ್ತದ ಸ್ಟೆಮ್ ಸೆಲ್ ಕಸಿ. ರೋಗಿಯದೇ ರಕ್ತಜನಕ ಕೋಶಗಳನ್ನು ಮೊದಲು ತೆಗೆದಿಟ್ಟುಕೊಂಡು, ಬಲವಾದ ಕೀಮೋಥೆರಪಿಯಿಂದ ಅವರ ರಕ್ಷಣಾ ವ್ಯವಸ್ಥೆಯನ್ನು ತೊಡೆದು, ಆಮೇಲೆ ಆ ಕೋಶಗಳನ್ನು ಹಿಂದಿರುಗಿಸಿ ಹೊಸ ರಕ್ಷಣಾ ವ್ಯವಸ್ಥೆ ಬೆಳೆಯಲು ಬಿಡುತ್ತಾರೆ. 110 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪದೇ ಪದೇ ದಾಳಿಗೆ ಒಳಗಾಗುತ್ತಿದ್ದವರಿಗೆ ಇದು ಆಗಿನ ಔಷಧಗಳಿಗಿಂತ ಹೆಚ್ಚು ಉಪಯೋಗವಾಯಿತು. ಆದರೆ ಗಮನಿಸಿ, ಇದು ಕೂಡ ದಾಳಿಯನ್ನು ನಿಲ್ಲಿಸುವ ದಾರಿಯೇ. ಆ ಕೋಶಗಳು ಮಿದುಳಿಗೆ ಹೋಗಿ ಮಯಲಿನ್ ಸುತ್ತುವುದಿಲ್ಲ. ಅಪಾಯವೂ ಸಣ್ಣದಲ್ಲ, ಆದ್ದರಿಂದ ಆಯ್ದ ರೋಗಿಗಳಿಗೆ, ಮೂಳೆಮಜ್ಜೆ ಕಸಿಯ ಪೂರ್ಣ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲಿ ಮಾತ್ರ.

ನಿಮ್ಮ ಅಣ್ಣನಿಗೆ ಹೇಳುತ್ತಿರುವುದು ಹೊಕ್ಕುಳಬಳ್ಳಿಯಿಂದಲೋ ಕೊಬ್ಬಿನಿಂದಲೋ ಪಡೆದ ಕೋಶಗಳನ್ನು ಬೆನ್ನಿಗೆ ಚುಚ್ಚುವ ಕ್ರಮವಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದರ ಬಗ್ಗೆ ಸ್ಪಷ್ಟವಾಗಿದೆ: ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳಂಥ ಒಪ್ಪಿತ ಬಳಕೆಗಳನ್ನು ಬಿಟ್ಟರೆ ಉಳಿದುದಕ್ಕೆಲ್ಲ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಆ ಕೇಂದ್ರದವರಿಗೆ ಎರಡೇ ಪ್ರಶ್ನೆ ಕೇಳಿ. ಇದು ಪ್ರಯೋಗವಾಗಿದ್ದರೆ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಏನು? ಪ್ರಯೋಗವಾಗಿದ್ದರೆ ರೋಗಿಯಿಂದ ಹಣ ತೆಗೆದುಕೊಳ್ಳುವುದು ಏಕೆ? ಉತ್ತರದ ಬದಲು ಗುಣವಾದವರ ವಿಡಿಯೋ ತೋರಿಸಿದರೆ, ಎಂ.ಎಸ್. ದಾಳಿ ಏನೂ ಮಾಡದಿದ್ದರೂ ವಾರಗಳಲ್ಲಿ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ಅಂಥ ವಾರಗಳಲ್ಲಿ ತಾಯಿತ ಕಟ್ಟಿದವರಿಗೂ ಕೀರ್ತಿ ಬರುತ್ತದೆ.

ಪ್ರಶ್ನೆ: ನನ್ನ ಗಂಡನಿಗೆ 41 ವರ್ಷ, ಶುದ್ಧ ಸಸ್ಯಾಹಾರಿ. ಕಾಲು ಮರಗಟ್ಟಿ, ಕತ್ತಲಲ್ಲಿ ನಡೆದರೆ ತೂರಾಡುತ್ತಿದ್ದರು. ಒಬ್ಬ ವೈದ್ಯರು ಎಂ.ಎಸ್. ಎಂದರು, ಇನ್ನೊಬ್ಬರು ಬಿ12 ಕೊರತೆ ಎಂದು ಇಂಜೆಕ್ಷನ್ ಕೊಟ್ಟ ಮೇಲೆ ಸುಧಾರಿಸಿದ್ದಾರೆ. ಇಷ್ಟು ಬೇರೆ ಬೇರೆ ರೋಗಗಳು ಒಂದೇ ರೀತಿ ಕಾಣುವುದು ಹೇಗೆ? (ಗೃಹಿಣಿ, ಸಿಂದಗಿ)

ಉತ್ತರ: ಎರಡರಲ್ಲಿಯೂ ಪೆಟ್ಟು ಬೀಳುವುದು ಮಯಲಿನ್‌ಗೇ, ಪೆಟ್ಟು ಹಾಕುವವರು ಬೇರೆ. ಮಯಲಿನ್ ಕಟ್ಟಲು ಮತ್ತು ಉಳಿಸಿಕೊಳ್ಳಲು ಬಿ12 ಬೇಕು. ಅದು ಬಹುಕಾಲ ಸಾಲದೆ ಹೋದರೆ ಬೆನ್ನುಹುರಿಯ ಹಿಂಭಾಗದ ಎಳೆಗಳ ಹೊದಿಕೆ ಹಾಳಾಗುತ್ತದೆ. ಪಾದ ಎಲ್ಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವವು ಆ ಎಳೆಗಳೇ. ಹಗಲಿನಲ್ಲಿ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತದೆ, ಕತ್ತಲಲ್ಲಿ ತುಂಬುವವರಿಲ್ಲ, ಹಾಗಾಗಿ ತೂರಾಟ. ಎಂ.ಎಸ್.ನಲ್ಲಿ ಕಲೆಗಳು ಮಿದುಳು, ಕಣ್ಣಿನ ನರ, ಬೆನ್ನುಹುರಿ ಎಂದು ಚದುರಿಕೊಂಡು, ಬೇರೆ ಬೇರೆ ಕಾಲದಲ್ಲಿ ಮೂಡುತ್ತವೆ. ಬಿ12 ಕೊರತೆಯಲ್ಲಿ ಎರಡೂ ಕಾಲುಗಳಲ್ಲಿ ಸಮವಾಗಿ, ನಿಧಾನವಾಗಿ ಏರುತ್ತದೆ.

ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಬಿ12ರ ಮುಖ್ಯ ಮೂಲ ಹಾಲು, ಮೊಸರು, ಮಜ್ಜಿಗೆ. ಜೋಳ, ಕಾಳು, ಸೊಪ್ಪು ಎಷ್ಟೇ ಒಳ್ಳೆಯದಾದರೂ ಅವುಗಳಲ್ಲಿ ಅದು ಇಲ್ಲ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅನ್ನು ಹಲವು ವರ್ಷ ತೆಗೆದುಕೊಂಡವರಲ್ಲಿ ಕೊರತೆ ಹೆಚ್ಚು. ಕೆಲವರಿಗೆ ಜಠರದ ತೊಂದರೆಯಿಂದ ಅದು ಹೀರಿಕೆಯೇ ಆಗುವುದಿಲ್ಲ. ಇಂಜೆಕ್ಷನ್ ಹಾಕುವ ಮೊದಲು ರಕ್ತ ತೆಗೆಯುವುದು ಮುಖ್ಯ, ಹಾಕಿದ ಮೇಲೆ ಅಂಕಿ ಏರಿ ಕುರುಹು ಅಳಿಸಿಹೋಗುತ್ತದೆ.

ನೀವು ಕೇಳದಿದ್ದರೂ ಇನ್ನೊಂದನ್ನು ಸೇರಿಸಬೇಕು. ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ರೋಗವನ್ನು ಬಹುಕಾಲ ಎಂ.ಎಸ್.ನ ಒಂದು ಬಗೆಯೆಂದೇ ಎಣಿಸಲಾಗಿತ್ತು. 2004ರಲ್ಲಿ ಅದರ ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯವೊಂದು ಪತ್ತೆಯಾಯಿತು. ಅದರ ಗುರಿ ಅಕ್ವಾಪೊರಿನ್-4 ಎಂಬ ನೀರಿನ ಕಾಲುವೆ ಎಂದು ಮರುವರ್ಷ ತಿಳಿಯಿತು. ಮೊದಲ ಪೆಟ್ಟು ಬೀಳುವುದು ಮಯಲಿನ್‌ಗಲ್ಲ, ಅದಕ್ಕೆ ಆಸರೆಯಾದ ಆಸ್ಟ್ರೋಸೈಟ್ ಕೋಶಗಳಿಗೆ. ಬೆನ್ನುಹುರಿಯ ಕಲೆ ಮೂರು ಅಥವಾ ಹೆಚ್ಚು ಮೂಳೆಗಳ ಉದ್ದಕ್ಕೆ ಹಬ್ಬಿದ್ದರೆ ಈ ಸಂಶಯ ಬರಲೇಬೇಕು. ಹೆಸರಿನ ವ್ಯತ್ಯಾಸಕ್ಕೆ ಇಷ್ಟೊಂದು ಒತ್ತು ಏಕೆಂದರೆ, ಎಂ.ಎಸ್.ಗೆ ಒಗ್ಗುವ ಇಂಟರ್‌ಫೆರಾನ್, ಫಿಂಗೋಲಿಮೋಡ್‌ಗಳು ಈ ರೋಗವನ್ನು ಕೆರಳಿಸುತ್ತವೆ. ಎಂ.ಎಸ್. ಎಂಬ ಹಣೆಪಟ್ಟಿ ಹಚ್ಚುವ ಮೊದಲು ಬಿ12, ಅಕ್ವಾಪೊರಿನ್-4 ಮತ್ತು ಮಾಗ್ (ಎಂ.ಒ.ಜಿ., ಮಯಲಿನ್ ಮೇಲಿನ ಒಂದು ಪ್ರೋಟೀನು) ಪ್ರತಿಕಾಯಗಳ ಪರೀಕ್ಷೆಯಾಗಿದೆಯೇ ಎಂದು ಕೇಳುವುದು ರೋಗಿಯ ಹಕ್ಕು. ವೈದ್ಯರು ಸಿಟ್ಟಾಗುವುದಿಲ್ಲ, ಕೇಳಿ.

ಪ್ರಶ್ನೆ: ಮಯಲಿನ್ ಬೆಳೆಯುತ್ತದೆ ಎಂದು ಸ್ನೇಹಿತರೊಬ್ಬರು ಹೆಚ್ಚಿನ ಪ್ರಮಾಣದ ಬಯೋಟಿನ್ ಮಾತ್ರೆ ಸೂಚಿಸಿದ್ದಾರೆ. ಮೆಟ್‌ಫಾರ್ಮಿನ್ ಕೂಡ ಒಳ್ಳೆಯದಂತೆ. ತೆಗೆದುಕೊಳ್ಳಬಹುದೇ? (ಶಿಕ್ಷಕರು, ವಿಜಯಪುರ)

ಉತ್ತರ: ಬಯೋಟಿನ್ ಬೇಡ. ಮೊದಲ ಸಣ್ಣ ಪ್ರಯೋಗದಲ್ಲಿ ಭರವಸೆ ಹುಟ್ಟಿಸಿದ ಅದು, 642 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಔಷಧವಿಲ್ಲದ ಬರಿಯ ಹಿಟ್ಟಿನ ಮಾತ್ರೆಗಿಂತ ಮೇಲೆನಿಸಲಿಲ್ಲ. ಜೊತೆಗೆ ಅದು ಥೈರಾಯ್ಡ್ ಮುಂತಾದ ರಕ್ತ ಪರೀಕ್ಷೆಗಳ ಅಂಕಿಗಳನ್ನು ಸುಳ್ಳಾಗಿಸುತ್ತದೆ, ಇಲ್ಲದ ರೋಗಕ್ಕೆ ಚಿಕಿತ್ಸೆ ಶುರುವಾಗಬಹುದು. ಮೆಟ್‌ಫಾರ್ಮಿನ್ ಮುದಿ ಇಲಿಗಳ ಪೂರ್ವಕೋಶಗಳಿಗೆ ಮತ್ತೆ ಚುರುಕು ತಂದಿತೆಂದು 2019ರಲ್ಲಿ ಕೇಂಬ್ರಿಜ್‌ನವರು ತೋರಿಸಿದ್ದು ನಿಜ, ಅದನ್ನು ಕ್ಲೆಮಾಸ್ಟಿನ್ ಜೊತೆಗೂಡಿಸಿ ಮನುಷ್ಯರಲ್ಲಿಯೂ ಪರೀಕ್ಷಿಸಿದ್ದಾರೆ. ಮಧುಮೇಹಕ್ಕೆ ನೀವು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಿ, ಬಿ12 ನೋಡಿಸಿಕೊಳ್ಳುತ್ತಿರಿ. ಎಂ.ಎಸ್.ಗೆಂದೇ ಅಂಗಡಿಯಿಂದ ತರುವಷ್ಟು ಆಧಾರ ಇನ್ನೂ ಇಲ್ಲ. ಧೂಮಪಾನದ ಅಭ್ಯಾಸವಿದ್ದರೆ ಅದನ್ನು ಬಿಡುವುದರಿಂದ ಈ ಎರಡೂ ಮಾತ್ರೆಗಳಿಗಿಂತ ಹೆಚ್ಚು ಲಾಭವಿದೆ.

ಪ್ರಶ್ನೆ: ಮದುವೆಯಾಗಿ ಒಂದು ವರ್ಷ. ಎಂ.ಎಸ್. ಇದೆ ಎಂಬ ಕಾರಣಕ್ಕೆ ಮಕ್ಕಳು ಬೇಡ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಬಸಿರು ರೋಗವನ್ನು ಹೆಚ್ಚಿಸುತ್ತದೆಯೇ? ಮಗುವಿಗೂ ಬರುತ್ತದೆಯೇ? (ಓದುಗರು, ಗೋಕಾಕ)

ಉತ್ತರ: ಹಿರಿಯರ ಭಯಕ್ಕೆ ವೈದ್ಯರೂ ಹೊಣೆ, ಹಿಂದೆ ನಾವೂ ಹಾಗೆಯೇ ಹೇಳುತ್ತಿದ್ದೆವು. ಯುರೋಪಿನ 12 ದೇಶಗಳ 254 ಮಹಿಳೆಯರನ್ನು ಹಿಂಬಾಲಿಸಿ 1998ರಲ್ಲಿ ಪ್ರಕಟವಾದ ಅಧ್ಯಯನ ಆ ಮಾತನ್ನು ತಿರುಗಿಸಿತು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ದಾಳಿಗಳು ಮೂರನೆಯ ಒಂದು ಪಾಲಿಗೆ ಇಳಿದವು, ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಏರಿದವು, ಆಮೇಲೆ ಮೊದಲಿನ ಮಟ್ಟಕ್ಕೆ ಬಂದವು. ತಾಯಿಯ ದೇಹ ತನ್ನದಲ್ಲದ ಜೀವವನ್ನು ಒಪ್ಪಿಕೊಳ್ಳಲು ರಕ್ಷಣಾ ವ್ಯವಸ್ಥೆಯನ್ನು ತಣ್ಣಗಿಡುವುದರ ಫಲ ಇದು. ಗಬ್ಬದ ಇಲಿಗಳಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಪೂರ್ವಕೋಶಗಳನ್ನು ಹೆಚ್ಚಿಸಿ ಮಯಲಿನ್ ದುರಸ್ತಿಗೂ ನೆರವಾಗುತ್ತದೆ ಎಂದು 2007ರಲ್ಲಿ ಕಂಡುಬಂದಿತು. ಮನುಷ್ಯರ ಬಗ್ಗೆ ಅಷ್ಟು ದೂರ ಹೋಗದೆ, ಬಸಿರು ಶತ್ರುವಲ್ಲ ಎಂಬಷ್ಟಕ್ಕೆ ನಿಲ್ಲುತ್ತೇನೆ.

ಮಗುವಿಗೆ ಮುಂದೆ ಈ ರೋಗ ಬರುವ ಸಾಧ್ಯತೆ ನೂರಕ್ಕೆ ಎರಡು ಮೂರರಷ್ಟು, ಎಂದರೆ ತೊಂಬತ್ತೇಳು ಮಕ್ಕಳಿಗೆ ಬರುವುದಿಲ್ಲ. ಕಾಳಜಿ ಇರಬೇಕಾದುದು ಔಷಧದ ಬಗ್ಗೆ. ಟೆರಿಫ್ಲುನೊಮೈಡ್ ಮತ್ತು ಫಿಂಗೋಲಿಮೋಡ್ ಭ್ರೂಣಕ್ಕೆ ಹಾನಿ ಮಾಡಬಹುದು, ಆದ್ದರಿಂದ ಬಸಿರಾಗುವ ಯೋಚನೆ ಬಂದಾಗಲೇ ವೈದ್ಯರೊಂದಿಗೆ ಮಾತನಾಡಿ. ತಿಂಗಳು ತಪ್ಪಿದ ಮೇಲೆ ಅಲ್ಲ. ಈ ಸಲದ ಉತ್ತರವನ್ನು ಹಿರಿಯರಿಗೂ ಓದಿ ಹೇಳಿ.

ಪ್ರಶ್ನೆ: ತಂಗಿ ನೋಡಲು ಆರೋಗ್ಯವಾಗಿ ಕಾಣುತ್ತಾಳೆ, ಆದರೆ ಎರಡು ಮಹಡಿ ಹತ್ತಲಾರಳು. ಕಚೇರಿಯಲ್ಲಿ ಸೋಮಾರಿ ಎನ್ನುತ್ತಾರೆ. ಅಂಗವೈಕಲ್ಯ ಪ್ರಮಾಣಪತ್ರ ಸಿಗುತ್ತದೆಯೇ? (ಓದುಗರು, ಬೈಲಹೊಂಗಲ)

ಉತ್ತರ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದು ಸೇರಿದೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಅಂಗವೈಕಲ್ಯ ಕನಿಷ್ಠ ಶೇಕಡ 40 ಎಂದು ದೃಢಪಡಬೇಕು. ವಿಶಿಷ್ಟ ಗುರುತಿನ ಚೀಟಿಗಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ನಿಗದಿಯಾದ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕಾಗುತ್ತದೆ. ಹೊರಗೆ ಕಾಣದ ಆಯಾಸ ಈ ರೋಗದ ಅತ್ಯಂತ ಸಾಮಾನ್ಯ ಲಕ್ಷಣಗಳಲ್ಲೊಂದು, ಆದರೆ ಮಂಡಳಿಯ ಕಣ್ಣಿಗೂ ಅದು ಸುಲಭವಾಗಿ ಬೀಳುವುದಿಲ್ಲ. ಆದ್ದರಿಂದ ಎಷ್ಟು ಮೀಟರ್ ನಡೆದ ಮೇಲೆ ಕಾಲು ಎಳೆಯುತ್ತದೆ, ಎಷ್ಟು ಮೆಟ್ಟಿಲಿಗೆ ನಿಲ್ಲಬೇಕಾಗುತ್ತದೆ ಎಂಬುದನ್ನು ನಿಮ್ಮ ನರರೋಗ ತಜ್ಞರಿಂದ ಅಳೆಸಿ ಬರೆಸಿಕೊಂಡು ಹೋಗಿ. ಮೊದಲ ದಾಳಿಯಿಂದ ಈವರೆಗಿನ ಡಿಸ್ಚಾರ್ಜ್ ಪತ್ರಗಳನ್ನೂ ಎಂ.ಆರ್.ಐ.ನ ವರದಿಯಷ್ಟೇ ಅಲ್ಲ, ಫಿಲ್ಮು ಅಥವಾ ಸಿ.ಡಿ.ಯನ್ನೂ ಜೊತೆಗೆ ಒಯ್ಯಿರಿ.